ನಾನು ಅನುಮಾನಿಸದೆ ಬಿಟ್ಟ ಒಂದೇ ಮಾತು

ಮಗನೇ ಬಸವರಾಜ,

ಮಕ್ಕಳಿಗೆ ಬರೆಯುವ ಕಾಗದದ ತಲೆಯಲ್ಲಿ ‘ಚಿರಂಜೀವಿ’ ಎಂದು ಬರೆಯುವುದು ರೂಢಿ. ಬರೆಯಲು ಹೋದ ಕೈ ನಿಂತಿತು. ಆ ಪದವನ್ನು ಬಿಟ್ಟೇ ಆರಂಭಿಸುತ್ತಿದ್ದೇನೆ. ನಿನ್ನ ತಂಗಿ ಸುಜಾತಾ ನಿನ್ನ ಬಗ್ಗೆ ಒಂದು ಮಾತು ಹೇಳಿದ್ದಾಳೆ. ಅದು ನಿಜವೋ ಸುಳ್ಳೋ ತೀರ್ಮಾನವಾಗಬೇಕು. ನಿನ್ನ ಹೊರತು ಅದಕ್ಕೆ ಸಾಕ್ಷಿಯಿಲ್ಲ.

ಈ ಬೇಸಿಗೆಯಲ್ಲಿ ಅವಳ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ, ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಿಂದ ಬಂದು ಕೈಕಾಲು ತೊಳೆಯುವುದರೊಳಗೆ, ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳುವುದಾಗಿ ಹೇಳಿದಳು. ಅದೇ ರಾಣೇಬೆನ್ನೂರಿನ ಕಾಲೇಜು, ಅದೇ ಮುಂಜಾನೆಯ ರೈಲು, ನೀನು ಓದುತ್ತಿದ್ದ ಅವೇ ವಿಷಯಗಳು. ಎರಡು ವರ್ಷದ ಆ ಓದನ್ನು ನೀನು ಒಂದು ಜ್ವರಕ್ಕೆ ಸಿಕ್ಕು ಅರ್ಧಕ್ಕೆ ಬಿಟ್ಟು ಹೋದೆ. ಉಳಿದರ್ಧವನ್ನು ತುಂಬಿಕೊಡಲು ಇವಳು ಹೊರಟಳೇ? ಅಡಿಗೆಮನೆಯ ಬಾಗಿಲಲ್ಲಿ ನಿಂತ ನಿನ್ನ ತಾಯಿ ನೆಲ ನೋಡುತ್ತಿದ್ದಳು. ಅವಳೇ ಹೇಳಿಕೊಟ್ಟಿದ್ದಾಳೆ ಎಂದುಕೊಂಡೆ. ತೀರಿಹೋದವನ ಜಾಗದಲ್ಲಿ ಬದುಕಿರುವ ಮಗಳನ್ನು ಕೂಡಿಸಲು ನಾನು ಸಿದ್ಧನಿರಲಿಲ್ಲ.

ನೀನು ಚಿಕ್ಕವನಿದ್ದಾಗ ನಮ್ಮ ದಲಾಲಿ ಅಂಗಡಿಗೆ ಬಂದು, ನಾನು ಮೆಣಸಿನಕಾಯಿ ಚೀಲದ ತಳದವರೆಗೆ ಕೈ ತೂರಿಸುವುದನ್ನು ಕಣ್ಣರಳಿಸಿ ನೋಡಿದ್ದೆ. ಮೇಲೆ ಹೊಳೆಯುವ ಕಾಯಿ ಇಟ್ಟವರು ಕೆಳಗೇನು ಇಟ್ಟಿದ್ದಾರೆಂದು ತಿಳಿಯದೆ ನಾನು ದರದ ಮಾತು ಆಡಿದವನಲ್ಲ. “ಸಾವಕಾರ್ರು ತಮ್ಮ ಸ್ವಂತ ಕಿಸೇಕೂ ತಳದತನಾ ಕೈ ಹಾಕಿ ನೋಡತಾರ” ಎಂದು ಹಮಾಲರು ನಗುತ್ತಿದ್ದರು. ನೀನೂ ನಕ್ಕಿದ್ದೆ. ಅಂಥವನು ಮಗಳ ಆಸೆಯನ್ನು ಮೇಲಿನಿಂದ ನೋಡಿ ಒಪ್ಪಿಬಿಡುತ್ತಾನೆಯೇ?

ಹಾವೇರಿಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಉಪಾಯವೊಂದು ಆಗ ನೆನಪಾಯಿತು. ಎದುರಾಳಿಯ ವಾದ ಯಾವುದರ ಮೇಲೆ ನಿಂತಿದೆಯೆಂಬ ಸಂಶಯವಿದ್ದರೆ, ಆ ಆಧಾರವನ್ನೇ ಎಳೆದು ನೋಡಬೇಕು. ಮರುದಿನ ಸುಜಾತಾಳನ್ನು ಎದುರಿಗೆ ಕೂಡಿಸಿಕೊಂಡು ಬೇಕೆಂದೇ ಒಂದು ಸುಳ್ಳು ಹೇಳಿದೆ.

“ನೋಡವಾ, ನಿಮ್ಮಣ್ಣಗ ಸೈನ್ಸಿನ ಮ್ಯಾಲೆ ಮನಸ ಇದ್ದಿದ್ದಿಲ್ಲ. ನನ್ನ ಮುಂದ ಹೇಳಿದ್ದ.”

ನೀನು ಹಾಗೆ ಎಂದೂ ಹೇಳಿರಲಿಲ್ಲ. ಅಣ್ಣನ ಸಲುವಾಗಿ ಹೊರಟಿದ್ದರೆ ಅವಳ ಹಟ ಅಲ್ಲಿಯೇ ಕುಸಿಯುತ್ತದೆ ಎಂಬುದು ನನ್ನ ಎಣಿಕೆ. ಅವಳು ಅಳಲಿಲ್ಲ. ಬೆರಗಾಗಿ ನನ್ನ ಮುಖವನ್ನೇ ನೋಡಿದಳು.

“ನಿಮ್ಮ ಮುಂದೂ ಹೇಳಿದ್ನೇನ್ರಿ ಅಪ್ಪಾ? ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನನಗ ಆಣಿ ಹಾಕಿದ್ದ.” ಮುಂದುವರಿದು ಹೇಳಿದಳು: “ಅಂವಗ ಅಂಗಡಿ ಬೇಕಾಗಿತ್ತು. ನಿಮ್ಮ ಬಾಜೂ ಕುಂದ್ರೂದು ಬೇಕಾಗಿತ್ತು.”

ಬಸವರಾಜ, ನಾನು ಕಟ್ಟಿದ ಸುಳ್ಳು ನನ್ನೆದುರಿಗೇ ಎದ್ದು ಖರೆಯ ಹಾಗೆ ನಿಂತುಕೊಂಡಿತು.

ಸೋಲನ್ನು ಮುಖದಲ್ಲಿ ತೋರಿಸಬಾರದೆಂಬುದೂ ಚರ್ಚೆಯ ಪಾಠವೇ. ಹಾಗಾದರೆ ನಿನಗೇಕೆ ಬೇಕು ಈ ವಿಜ್ಞಾನ ಎಂದು ಅವಳನ್ನು ಕೇಳಿದೆ. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಕಾಯಿ ಕೆಂಪಗೇ ಉಳಿಯುತ್ತದೆ, ಹೊರಗೆ ಬಿಸಿಲಿಗೆ ಬಿದ್ದದ್ದು ಮಂಕಾಗುತ್ತದೆ, ಆ ಬಣ್ಣ ಹೋಗುವುದು ಎಲ್ಲಿಗೆ ಎಂದಳು. “ನೀವು ಯಾವತ್ತರ ಕೇಳಿರೇನ್ರಿ?” ನಾನು ಕೇಳಿರಲಿಲ್ಲ. ಮಂಕಾದದ್ದಕ್ಕೆ ದರ ಕಡಿಮೆ ಎಂಬಲ್ಲಿಗೆ ನನ್ನ ಜಿಜ್ಞಾಸೆ ಮುಗಿಯುತ್ತಿತ್ತು.

ಆದರೂ ಸಮಾಧಾನವಾಗಲಿಲ್ಲ. ಉತ್ತರಗಳು ತೀರ ಸಲೀಸಾಗಿ ಬಂದಿದ್ದವು; ಎಷ್ಟೆಂದರೂ ನನ್ನ ಮಗಳು, ಗೆಲ್ಲುವುದಕ್ಕಾಗಿಯೇ ನಿನ್ನ ಹೆಸರಿನಲ್ಲಿ ಒಂದು ಮಾತು ಕಟ್ಟಿರಬಾರದೇಕೆ? ಪ್ರವೇಶದ ವಿಚಾರಣೆಯ ನೆಪದಲ್ಲಿ ರಾಣೇಬೆನ್ನೂರಿಗೆ ಹೋಗಿ, ನಿನಗೆ ರಸಾಯನಶಾಸ್ತ್ರ ಕಲಿಸಿದವರನ್ನು ಕಂಡೆ. ಪ್ರಯೋಗಾಲಯದ ಹೊರಗೆ ನಿಂತು ಅವರು ನಿನ್ನನ್ನು ಮನಸಾರೆ ಹೊಗಳಿದರು. “ಭಾಳ ಚಲೋ ಹುಡುಗರಿ. ಹೇಳಿದಷ್ಟು ಮಾಡತಿದ್ದ. ಒಂದ ದಿನಾನೂ ಎದ್ದು ನಿಂತು ಯಾಕ ಅಂತ ಕೇಳಿದವನಲ್ಲ.” ಕೈ ಮುಗಿದು ಹೊರಟೆ. ಒಬ್ಬ ತಂದೆಗೆ ಇದಕ್ಕಿಂತ ಕೆಟ್ಟ ಹೊಗಳಿಕೆ ಇನ್ನಾವುದಿದೆ?

ಮರಳುವ ರೈಲಿನಲ್ಲಿ ಒಂದು ಬೆಳಗು ಕಣ್ಣೆದುರು ಬಂತು. ಯಾರ್ಡಿಗೆ ಮಾಲಿನ ಆವಕ ಜೋರಾಗಿದ್ದ ದಿನ, ಚೀಲಗಳ ಸಾಲಿನ ನಡುವೆ ನೀನು ಕಾಲೇಜಿನ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದೆ. ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಿದ್ದೆ. “ರೈಲು ಬಿಟ್ಟು ಇಲ್ಲೇನ ಮಾಡಾಕತ್ತೀಯೋ?” ಎಂದು ಗದರಿಸಿದೆ. ಓದು ತಪ್ಪಿಸಿಕೊಳ್ಳುತ್ತಿದ್ದೀಯೆಂಬ ಗುಮಾನಿ ನನಗೆ. “ಸುಮ್ನ ಬಂದಿದ್ದೆ” ಎಂದು ನೀನು ಕಾಯಿಯನ್ನು ಚೀಲಕ್ಕೆ ಹಾಕಿ ಹೋದೆ. ಬೀಜದ ಸದ್ದಿನಿಂದ ಕಾಯಿ ಒಣಗಿದೆಯೋ ಇಲ್ಲವೋ ತಿಳಿಯುವುದನ್ನು ನಾನು ನಿನಗೆ ಕಲಿಸಿರಲಿಲ್ಲ. ಹಾಗಾದರೆ ಎಷ್ಟು ದಿನ, ಎಲ್ಲಿ ಮರೆಯಾಗಿ ನಿಂತು ನನ್ನನ್ನು ನೋಡಿ…

ಹತ್ತನೆಯ ತರಗತಿ ಮುಗಿದಾಗ ನೀನು “ಸೈನ್ಸ್ ತಗೋತೇನ್ರಿ ಅಪ್ಪಾ” ಎಂದು ಒಂದೇ ಉಸಿರಿಗೆ ಹೇಳಿದ್ದೆ. ಯಾವ ವಾಕ್ಯವನ್ನೂ ತಡವರಿಸದೆ ಮುಗಿಸದ ಹುಡುಗ ಆ ವಾಕ್ಯವನ್ನು ಮಾತ್ರ ಬಾಯಿಪಾಠದ ಹಾಗೆ ಒಪ್ಪಿಸಿದ್ದು ನನಗೇಕೆ ಹೊಳೆಯಲಿಲ್ಲ? ನನ್ನ ಮಗ ಈ ಘಾಟಿನಲ್ಲಿ ಸೀನುತ್ತ ಬಾಳುವವನಲ್ಲ ಎಂದು ನಾನು ಯಾರ್ಡಿನ ತುಂಬ ಆಗಲೇ ಹೇಳಿಕೊಂಡು ಬಂದಿದ್ದೆ. ಊರೆಲ್ಲರ ಮಾತನ್ನೂ ಸಂಶಯಿಸಿದವನು ಅದೊಂದನ್ನು ಹಾಗೆಯೇ ತೆಗೆದುಕೊಂಡೆ. ನನಗೆ ಬೇಕಾದ ಮಾತಾಗಿತ್ತಲ್ಲ.

ಆದರೂ ಸುಜಾತಾಳ ಮಾತನ್ನು ಪೂರ್ತಿ ಒಪ್ಪಿದ್ದೇನೆಂದು ತಿಳಿಯಬೇಡ. ಯಾವುದೋ ಲೆಕ್ಕ ಬಿಡಿಸಲು ಬಾರದ ಸಂಜೆ ಬೇಸರದಿಂದ ತಂಗಿಯೆದುರು ಆಡಿದ ಮಾತು ಅದಾಗಿರಬಹುದು. ಹುಡುಗರು ಹಾಗೆ ಆಡುತ್ತಾರೆ. ಮರುದಿನ ನೀನೇ ಮರೆತಿರಬಹುದು. ಮರೆತಿದ್ದೆಯೋ, ಅಥವಾ ಪ್ರತಿ ಮುಂಜಾನೆ ರೈಲು ಹತ್ತುವಾಗ ಅದನ್ನೇ… ಒಂದು ಪದ ಸಾಕಾಗಿತ್ತು ನನಗೆ. ಹೌದೆಂದೋ, ಅಲ್ಲವೆಂದೋ.

ನಿನಗೆ ತಿಳಿಯದ ಸುದ್ದಿಯೊಂದಿದೆ. ಸುಜಾತಾಳನ್ನು ಕಾಲೇಜಿಗೆ ಸೇರಿಸಿದ್ದೇನೆ, ತರಗತಿಗಳು ಆರಂಭವಾಗಿವೆ. ನಿನ್ನೆ ಊಟಕ್ಕೆ ಕುಳಿತಾಗ ಅವಳು ತಟ್ಟೆಯಿಂದ ತಲೆಯೆತ್ತಿ, “ಅಪ್ಪಾ, ಫಿಸಿಕ್ಸ್ ನನಗ ಒಂದೀಟೂ ತಿಳಿವಲ್ದು. ಹಿಂಗ ಆದ್ರ ಬಿಟ್ಟ ಬಿಡತೇನಿ ನೋಡ್ರಿ” ಎಂದಳು. ರೊಟ್ಟಿ ಹಾಕುತ್ತಿದ್ದ ನಿನ್ನ ತಾಯಿ ತಟ್ಟನೆ ತಿರುಗಿದಳು. ಅವಳು ನನ್ನ ಮುಖ ನೋಡಿದಳು. ಆ ನೋಟವನ್ನು ಕಂಡಾಗ, ಈ ಮನೆಯಲ್ಲಿ ಇಷ್ಟು ವರ್ಷ ಎಲ್ಲರೂ ಯಾವುದಕ್ಕೆ ಅಂಜಿಕೊಂಡಿದ್ದರೆಂದು ನನಗೆ ತಿಳಿಯಿತು.

“ಬಿಡೂದಾದ್ರ ಬಿಡು,” ಎಂದೆ. “ಬಿಡೂಕಿಂತ ಮೊದಲ ನನಗ ಹೇಳು.”

ಅವಳು ತಲೆಯಾಡಿಸಿ ಊಟ ಮುಂದುವರಿಸಿದಳು; ಅವಳಿಗೆ ಅದು ದೊಡ್ಡ ಮಾತೇ ಅಲ್ಲ. ನಾನು ಮಾತ್ರ ಕೈ ತೊಳೆದು ಎದ್ದೆ. ಅದು ನಿನಗೆ ಹೇಳಬೇಕಾಗಿದ್ದ ಮಾತು.

ನಿನ್ನ ಅಪ್ಪ