ಸುರೇಖಾಳ ಜಡೆಗೆ ಕೈ ಮುಗಿದದ್ದು

ಅಕ್ಕನಿಗೆ ಜನಾಬಾಯಿಯ ನಮಸ್ಕಾರ.

ಇವತ್ತು ಮಂಗಳವಾರ, ಎಲ್ಲಮ್ಮನ ಒಪ್ಪತ್ತು. ಕಸ ಗುಡಿಸಿ, ನೀರು ತುಂಬಿ, ಮಕ್ಕಳಿಗೆ ಉಪ್ಪಿಟ್ಟು ಮಾಡಿಟ್ಟು ಬರೆಯುತ್ತಿದ್ದೇನೆ. ಬೀದರಿಗೆ ಬಂದು ತಿಂಗಳಾಯಿತು. ಚಿದ್ರಿ ಬಡಾವಣೆಯ ಹಿಂದಿನ ಗುಡಿಸಲುಗಳ ಮಕ್ಕಳಿಗೆ ನಾನಿರುವ ಈ ಕೇಂದ್ರದಲ್ಲಿ ನೀರೆರೆದು, ಉಣಿಸಿ, ಶಾಲೆಗೆ ಕಳಿಸುತ್ತಾರೆ. ಅಡುಗೆ ನನ್ನದು.

ಆ ಗುಡಿಸಲುಗಳ ಒಂಬತ್ತು ವರ್ಷದ ಸುರೇಖಾಳ ಕೂದಲು ಹಗ್ಗದಂತೆ ಗಂಟುಗಟ್ಟಿ ಜಡೆಯಾಗಿತ್ತು. ಎಲ್ಲಮ್ಮ ದೇವಿಯೇ ಜಡೆಯಾಗಿ ಬಂದಿದ್ದಾಳೆಂದು ತಾಯಿ ತುಳಜಮ್ಮ ಅವಳನ್ನು ಶಾಲೆ ಬಿಡಿಸಿ, ದೇವಿಯ ಬುಟ್ಟಿ ಹೊರಿಸಿ ಜೋಗ ಬೇಡಿಸುತ್ತಿದ್ದಳು. ಕೇಂದ್ರದ ವಿಜಯಶ್ರೀ ಟೀಚರು ನಾಲ್ಕು ತಿಂಗಳು ಅವರ ಮನೆಗೆ ಎಡತಾಕಿ, ಜಡೆ ತೆಗೆಸಲು ತಾಯಿಯನ್ನು ಒಪ್ಪಿಸಿದ್ದರು. ಹೋದ ಶುಕ್ರವಾರ ತಾಯಿ ಮಗಳು ಇಲ್ಲಿಗೆ ಬಂದರು; ಟೀಚರು ಕತ್ತರಿ ತರಲು ಒಳಗೆ ಹೋದಾಗ ನಾನು, ಊರಲ್ಲಿ ಮಾಡುವ ಹಾಗೆ, ಜಡೆಗೆ ಭಂಡಾರದ ಅರಿಸಿನ ಹಚ್ಚಿ ಕೈ ಮುಗಿದುಬಿಟ್ಟೆ.

"ನೋಡ್ರಿ ಟೀಚರ್, ನಿಮ್ಮ ಅಡಗಿ ಬಾಯಿನೇ ಕೈ ಮುಗಿತಾಳ! ನಮಗಷ್ಟೇ ಶಾಣ್ಯಾತನ ಹೇಳಾಕ ಬರ್ತೀರೇನ್ರಿ?" ಎಂದು ತುಳಜಮ್ಮ ಮಗಳನ್ನು ಎಳೆದುಕೊಂಡು ಹೊರಟಳು.

ಹುಡುಗಿ ನನ್ನ ಕಡೆ ತಿರುಗಿ, "ಆಯಿ, ಯಾಕ ಹಾಂಗ ಮಾಡ್ದಿ?" ಎಂದಳು. ಅವಳು ಶಾಲೆಗೆ ಹೋಗಲೆಂದು ಟೀಚರು ತಂದಿದ್ದ ಹೊಸ ಪಾಟಿಚೀಲ ಇಲ್ಲೇ ಉಳಿಯಿತು. ಟೀಚರು ಅದನ್ನು ಗೂಟಕ್ಕೆ ತೂಗುಹಾಕಿದರು, ನೋಡಿದಾಗಲೆಲ್ಲ ಸುಡುತ್ತದೆ.

ಮೊಣಕಾಲು ನೋವು ಕಡಿಮೆಯಿದೆ, ಗುಳಿಗೆ ಕಳಿಸಬೇಡ.

ತುಳಜಮ್ಮ ಭಾಲ್ಕಿಯಲ್ಲಿ ನಿಮ್ಮ ಓಣಿಗೇ, ತನ್ನ ಅಣ್ಣನ ಮನೆಗೆ ಬಂದಿದ್ದಾಳಂತೆ. ದೇವಿಯ ಒಕ್ಕಲಾದ ನಿನ್ನ ಮಾತು ಕೇಳಿಯಾಳು. ಜಡೆ ತೆಗೆದ ಪಾಪವೇನಿದ್ದರೂ ಜನಾಬಾಯಿಗಿರಲಿ, ಹುಡುಗಿಯನ್ನು ಮತ್ತೆ ಕೇಂದ್ರಕ್ಕೆ ಕಳಿಸು ಎಂದು ಅವಳಿಗೆ ಹೇಳು. ಗುರುವಾರ ಭಾವ ಇಲ್ಲಿಗೆ ಬರುವಾಗ ಅವಳ ಉತ್ತರ ಕೇಳಿಕೊಂಡೇ ಬರಲಿ.