ಗೆರೆಯೋ, ಬಲೆಯೋ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ನೀನು ಮನೆ ಬಿಟ್ಟು ವಾರವಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ನೀನು ತನ್ನ ಮನೆಯಲ್ಲಿದ್ದೀ ಎಂದು ನಿನ್ನ ಗೆಳತಿ ಬಂದು ನನ್ನ, ಅಮ್ಮನ ಮುಂದೆ ಬಾಯಿಬಿಟ್ಟದ್ದೇ ನಿನ್ನೆ. ಸಂಜೆ ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ. ಮೊದಲು ಸುದ್ದಿ ಕೇಳು: ನಿನ್ನ ಗಂಡ ಸತ್ತಿಲ್ಲ. ನೀನು ಕೊಲೆಗಾರ್ತಿಯಲ್ಲ. ಹೊಟ್ಟೆ ತುಂಬಾ ಊಟ ಮಾಡು.

ನೀನು ಮನೆ ಬಿಟ್ಟ ದಿನ, ಆಸ್ಪತ್ರೆಯಲ್ಲಿ ನಾನು ನಡೆಸುವ ಬೆಳಕಿನ ಯಂತ್ರವನ್ನು ಆಪರೇಷನ್ ಥಿಯೇಟರಿಗೆ ತರಿಸಿದರು. ಯಾರದೋ ಎದೆ ಸೀಳಿ, ಪಕ್ಕೆಲುಬು ಅಗಲಿಸಿ ಇಟ್ಟಿದ್ದರು. ರಕ್ತ ಹೀರುವ ಕೊಳವೆ ಗೊರಗೊರ ಎನ್ನುತ್ತಿತ್ತು. ಮುಖ ಮುಚ್ಚಿತ್ತು, ಬಟ್ಟೆ ಸರಿದು ಮುಂಗೈ ಕಂಡಿತು. ಅವನು ಕತ್ತು ಹಿಸುಕಿದಾಗ ನೀನು ಕಚ್ಚಿದ ಕಲೆ! ಚುಚ್ಚಿದ್ದು ಯಾರೆಂದು ಕೇಳಬೇಕಾಗಿರಲಿಲ್ಲ.

ನಿನ್ನ ಚಾಕು ಹೃದಯದ ಒಳಗೋಡೆಯನ್ನೇ ತೂತು ಮಾಡಿತ್ತು. ಅದನ್ನು ಹೊಲಿಯಬೇಕು. ಆದರೆ ಮಿಡಿತ ಸಾಗಿಸುವ ಎಳೆಗಳೂ ಆ ಗೋಡೆಯಲ್ಲೇ ಇವೆ. ಬರಿಗಣ್ಣಿಗೆ ಎಲ್ಲಾ ಒಂದೇ ಮಾಂಸ. ಹೊಳೆಯುವ ಬಣ್ಣ ಸವರಿ ನೀಲಿ ಬೆಳಕಿನ ಕಡ್ಡಿ ಮುಟ್ಟಿಸಿದರೆ, ನನ್ನ ಪರದೆಯಲ್ಲಿ ಬರೀ ಸ್ನಾಯು ಗೆರೆಗೆರೆಯಾಗಿ ಹೊಳೆಯುತ್ತದೆ, ಮಿಡಿತದ ಎಳೆ ಬಲೆಯ ಹಾಗೆ. ಬಲೆಗೆ ಸೂಜಿ ಬಿದ್ದರೆ ಹೃದಯ ನಿಂತೇ ಹೋಗಬಹುದು. ಪರದೆ ನೋಡಿ ಹೇಳುವವಳು ನಾನೊಬ್ಬಳೇ.

“ಇಲ್ಲೇನಿದೆ? ಬೇಗ ಹೇಳಮ್ಮ,” ಎಂದರು ಡಾಕ್ಟರು.

ಬಲೆ. ನಿಚ್ಚಳವಾದ ಬಲೆ. ನಿನ್ನ ಒಡೆದ ತುಟಿ, ಅವನು ಬಾಗಿಲ ಸಂದಿಗಿಟ್ಟು ಮುರಿದ ಬೆರಳು ಕಣ್ಣ ಮುಂದೆ ಬಂದವು. ‘ಗೆರೆ’ ಎಂದಿದ್ದರೆ ಪೀಡೆ ತೊಲಗುತ್ತಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವನು ಸತ್ತರೆ ನಿನ್ನನ್ನು ನೇಣಿಗೆ ಹಾಕುತ್ತಾರಲ್ಲ!

“ಬಲೆ ಇದೆ ಮೇಡಂ. ಅಲ್ಲಿ ಬೇಡ, ಸ್ವಲ್ಪ ಕೆಳಗೆ ಹೋಗಿ,” ಎಂದೆ.

ಹೊಲಿದರು. ಆ ದರಿದ್ರ ಹೃದಯ ಮತ್ತೆ ಧಕಧಕ ಹೊಡೆದುಕೊಂಡಿತು.

ಇನ್ನು ಯಾರ ಕೈಯೂ ನಿನ್ನ ಮೈಮೇಲೆ ಬೀಳದಿರಲಿ. ನೂರು ವರ್ಷ ಚೆನ್ನಾಗಿರು.

ನಿನ್ನ ಅಕ್ಕ

ಮತ್ತೆ: ಕವರು ಅಂಟಿಸುವಷ್ಟರಲ್ಲಿ ಅಮ್ಮ ಆಸ್ಪತ್ರೆಯಿಂದ ಬಂದಳು, ಮುಖವೆಲ್ಲ ನಗು. “ನಾನೇ ಜಾರಿ ಚಾಕು ಮೇಲೆ ಬಿದ್ದೆ ಅಂತ ಅಳಿಯಂದಿರು ಪೊಲೀಸರಿಗೆ ಹೇಳಿಬಿಟ್ರು ಕಣೇ! ದೇವರಂಥ ಮನುಷ್ಯ.” ಆ ಖುಷಿಯಲ್ಲಿ ನೀನಿರುವ ಮನೆಯ ಗುರುತು ಹೇಳಿಬಂದಿದ್ದಾಳೆ. “ಅವಳನ್ನ ಜೈಲಿಗೆ ಕಳಿಸಿದ್ರೆ ನನಗೇನು ಸಿಗುತ್ತೆ ಅತ್ತೆ? ಅವಳು ನನಗೆ ಮನೇಲೇ ಬೇಕು,” ಎಂದನಂತೆ. ನಾಳೆ ಬೆಳಿಗ್ಗೆ ಅವನ ಅಣ್ಣ ನಿನ್ನನ್ನು ಎಳೆದು ತರಲು ಹೊರಡುತ್ತಾನೆ. ಓದಿದ ತಕ್ಷಣ ಅಲ್ಲಿಂದ ಹೊರಡು, ಎಲ್ಲಿಗೆಂದು ನನಗೂ ಹೇಳಬೇಡ.

ಗೆರೆ ಅನ್ನಬೇಕಿತ್ತು ಕಣೇ.