ಜೇವರ್ಗಿಗೆ ಮುಟ್ಟದ ಖಟಾಯಿ ಡಬ್ಬಿ

ವೈನಿ,

ನಿಮ್ಮ ಮೈದುನ ಬರೆಯಾಕತ್ತೇನಿ. ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ ಒಂದು ಪತ್ರ ಬರೆಯಲು ಇಷ್ಟು ದಿನ ಬೇಕಾಯ್ತೇನು ಅಂತ ನಗಬ್ಯಾಡ್ರಿ. ಬರೆಯಬೇಕಾದ ಮಾತು ಒಂದೇ, ಅದೇ ಕೈಗೆ ಬರವಲ್ದು.

ಪ್ರತಿ ದೀಪಾವಳಿಗೆ ಅಫಜಲಪುರದ ಬೇಕರಿ ಭಟ್ಟಿಯ ಮುಂದೆ ನೀವು ಪಾಳಿ ಹಚ್ಚುತ್ತಿದ್ದದ್ದು ಕಣ್ಣಿಗೆ ಕಟ್ಟಿದಂಗದ. ಮಂದಿಯೆಲ್ಲ ಮೈದಾ, ಡಾಲ್ಡಾ, ಸಕ್ಕರಿ ತಂದು ಬಿಸ್ಕೀಟು ಮಾಡಿಸಿಕೊಂಡು ಹೋದರೆ, ನಿಮ್ಮ ಬುಟ್ಟಿಯಲ್ಲಿ ಜೋಳದ ಹಿಟ್ಟು, ಬೆಲ್ಲ, ಮನೆಯ ತುಪ್ಪ. ಅಣ್ಣನ ಎದೆಯ ಆಪರೇಷನ್ ಆದಮೇಲೆ ನಿಮ್ಮ ಅಡುಗೆಮನೆಗೆ ಮೈದಾ ಕಾಲಿಡಲಿಲ್ಲ. "ವೈನಿ, ಇದು ನಾನಖಟಾಯಿ ಅಲ್ರಿ, ನೀನಖಟಾಯಿ. ನಾ ವಲ್ಲೆ, ನೀನ ತಿನ್ನು ಅಂತ ಮಂದಿಗೆ ಹಂಚೂದು" ಅಂತ ನಾನು ಕಾಡಿದರೆ, "ಲೇ ಪ್ರೊಫೆಸರಾ, ನಾಲಿಗಿಗೆ ಇರೋ ಜೋರು ಹಲ್ಲಿಗೂ ಇರಲಿ" ಅಂತ ಇನ್ನೊಂದನ್ನು ಬಾಯಿಗೇ ತುರುಕುತ್ತಿದ್ದಿರಿ.

ಹೋದ ದೀಪಾವಳಿಗೆ ಒಂದು ಡಬ್ಬಿ ನನ್ನ ಕೈಗೆ ಕೊಟ್ಟಿರಿ. "ಜೇವರ್ಗಿಗೆ ಹೊಂಟೀಯಲ್ಲ, ಶಾಂತಾಗ ಮುಟ್ಟಸು." ಶಾಂತಕ್ಕ, ನಿಮ್ಮ ಒಬ್ಬಳೇ ತಂಗಿ. ಅಣ್ಣನ ಆಪರೇಷನ್ ವಾರದಲ್ಲೇ ಆಕೆಯ ಮಗಳ ಲಗ್ನ ಬಂತು, ನೀವು ಹೋಗಲಿಲ್ಲ. ಮೂರು ವರ್ಷ ಅಕ್ಕ-ತಂಗಿ ಮಾತಿಲ್ಲ. ನಮ್ಮ ಕಡೆ ಹಬ್ಬದ ಡಬ್ಬಿ ಬರಿದಾಗಿ ತಿರುಗಿ ಬರೋದಿಲ್ಲ, ಒಂದು ಹಿಡಿ ಸಕ್ಕರಿಯಾದರೂ ಇರ್ತದ. ಡಬ್ಬಿಯೇ ಬರಲಿಲ್ಲ ಅಂದ್ರ ಸಿಟ್ಟು ಇಳಿದಿಲ್ಲ ಅಂತ ಅರ್ಥ. ಅದು ಡಬ್ಬಿ ಅಲ್ರಿ, ನೀವು ಕೇಳಿದ ಪ್ರಶ್ನೆ.

ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕಾಲೇಜಿನ ಕೆಲಸಕ್ಕೆ ಜೊತೆಗೆ ಹೊರಟಿದ್ದ ಲೆಕ್ಚರರುಗಳಿಗೆ ಹಸಿವು, ನನಗೆ ಹುರುಪು. "ಬರ್ರಿ, ನಮ್ಮ ವೈನಿಯ ಶಿಲಾಶಾಸನ ಓದ್ರಿ" ಅಂತ ಮುಚ್ಚಳ ತೆಗೆದೆ. ನಕ್ಕರು, ತಿಂದರು, ಮತ್ತೆ ಕೈಚಾಚಿದರು. ಜೇವರ್ಗಿ ಬರುವಷ್ಟರಲ್ಲಿ ಒಳಗೆ ಬರೀ ಪುಡಿ. ಊರಿಗೆ ಬಂದು ನಿಮಗೆ ಏನಂದೆ? "ಕೊಟ್ಟೆ."

ಅವತ್ತಿನಿಂದ ನೀವು ಕೇಳಿದ್ದು ಎಷ್ಟು ಸಲ! "ಶಾಂತಾ ಡಬ್ಬಿ ಕಳಿಸ್ಯಾಳೇನೋ?" ಸಂಕ್ರಾಂತಿ ಆಯ್ತು, ಶಿವರಾತ್ರಿ ಆಯ್ತು. ಯುಗಾದಿ ಮರುವಾರ, ದವಾಖಾನೆಯ ಮಂಚದ ಮೇಲೆ ಗ್ವಾಡಿಗೆ ಮುಖ ಮಾಡಿ, "ಆಕಿ ಸಿಟ್ಟು ಇಳೀಲಿಲ್ಲ ನೋಡು" ಅಂದಿರಿ. ಅವತ್ತಾದರೂ ನಾನು ಬಾಯಿಬಿಟ್ಟಿದ್ದರೆ... ಮಾತೇ ನನ್ನ ಹೊಟ್ಟೆಪಾಡು ಅಲ್ಲೇನ್ರಿ? ಎಲ್ಲಿ ಹೋಗಿತ್ತು ಅದು?

ಈ ವರ್ಷ ನೀವಿಲ್ಲದ ಮೊದಲ ದೀಪಾವಳಿ. ಸಾವಾದ ವರ್ಷ ಮನೆಯಲ್ಲಿ ಕಡಾಯಿ ಇಡೋ ಹಂಗಿಲ್ಲ ಅಂದರು ಹಿರಿಯರು. ಭಟ್ಟಿಯ ಸುದ್ದಿ ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ತುಪ್ಪ ಸಾಲಲಿಲ್ಲ ಅಂತ ನೀರು ಹಾಕಿ ಹಿಟ್ಟು ನಾದಿಕೊಂಡು ಹೋದೆ. ಭಟ್ಟಿಯವ ಬೆರಳಿಂದ ಒತ್ತಿ ನೋಡಿ, "ಸರ್, ಖಟಾಯಿ ಮಾಡಾಕ ಬಂದೀರೋ, ರೊಟ್ಟಿ ಬಡಿಯಾಕೋ?" ಅಂದ. ಆಮೇಲೆ ದನಿ ಇಳಿಸಿ, "ನಿಮ್ಮ ವೈನಿಯವರು ತುಪ್ಪ, ಬೆಲ್ಲಾನ ಬೆಣ್ಣಿಹಂಗ ತಿಕ್ಕಿ ತರ್ತಿದ್ರು, ಹನಿ ನೀರು ಹಾಕ್ತಿದ್ದಿಲ್ರಿ" ಅಂತ ಕಲಿಸಿಕೊಟ್ಟ. ಎರಡನೇ ಸಲಕ್ಕೆ ಬಂತು. ವಾಸನೆ ಮಾತ್ರ ನಿಮ್ಮದೇ ಬಂತ್ರಿ. ಅಲ್ಲೇ ನಿಂತು ಅತ್ತೆ.

ನಿನ್ನೆ ಅದನ್ನು ಡಬ್ಬಿಗೆ ತುಂಬಿಕೊಂಡು ಜೇವರ್ಗಿಗೆ ಹೋದೆ. ಹೊಸಲಲ್ಲೇ ನಿಂತು ಶಾಂತಕ್ಕನಿಗೆ ಎಲ್ಲಾ ಹೇಳಿದೆ.

"ಅಕ್ಕ ಕಳಿಸಿದ್ಲಾ? ನನಗ?"

"ಹೌದ್ರಿ. ನಾ ತಿಂದೆ."

ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು, "ಆ ಒಂದ್ ಡಬ್ಬಿ ಬಂದಿದ್ರ ಅವತ್ತೇ ಬಸ್ ಹತ್ತತಿದ್ದೆ ಲೇ. ಆಕೀನ ನನ್ನ ಮರ್ತಾಳ ಅಂತ ನಾ ಕುಂತೆ" ಅಂದಳು. ನಿಮ್ಮನ್ನು ಮಣ್ಣಿಗೆ ಎತ್ತುವ ದಿನ ಅಂಗಳದಲ್ಲೇ ನಿಂತು, ಒಂದು ಗುಟುಕು ನೀರೂ ಕುಡಿಯದೆ ಹೋದಳಲ್ಲ, ಅದು ಸಿಟ್ಟಿಗಲ್ಲ ವೈನಿ. ಒಳಗೆ ಕರೆಯುವವರು ಯಾರೂ ಇರಲಿಲ್ಲ.

ಅಣ್ಣ ಇನ್ನೂ ಆಕೆಯ ಹೆಸರೆತ್ತಿದರೆ ಉರಿದು ಬೀಳ್ತಾನ. "ಆಕಿ ಒಂದ್ ಮಾತಾಡಿದ್ರ ಇಕಿ ಸಮಾಧಾನದಿಂದ ಹೋಗ್ತಿದ್ಲು" ಅಂತಾನ. ನಾನು ಪಕ್ಕದಲ್ಲೇ ಕೂತು ಉಣ್ಣುತ್ತೇನೆ.

ಈಗ ಹೊಲದಿಂದ ಬಂದ. ಹೊರಗೆ ಕಾಲು ತೊಳೆಯಾಕತ್ತಾನ. ಆತನಿಗೆ ಹೇಳಿಬಿಡ್ತೇನಿ ವೈನಿ, ಊಟಕ್ಕೆ ಕೂಡೋದಕ್ಕಿಂತ ಮೊದಲೇ.